ಕ್ವಿಲ್ಟ್ ಉಟ್ಟು ಬಾಗಿಲು ತೆರೆದದ್ದು

ಹಿಡಿದ ಕೆಲಸವನ್ನು ಅರ್ಧಕ್ಕೇ ಬಿಡುವವಳು ಎಂಬ ಅಪವಾದ ನನ್ನ ಮೇಲಿದೆ. ಇದು ಶುದ್ಧ ಸುಳ್ಳು. ನಾನು ಯಾವ ಕೆಲಸವನ್ನೂ ಬಿಟ್ಟಿಲ್ಲ. ಎಲ್ಲವೂ ಮಹಡಿ ಮೇಲಿನ ರೂಮಿನಲ್ಲಿ ಭದ್ರವಾಗಿವೆ!

ಆ ರೂಮನ್ನು ನಾನು ‘ಸ್ಯೂಯಿಂಗ್ ರೂಮ್’ ಎನ್ನುತ್ತೇನೆ. ನಮ್ಮ ಯಜಮಾನರು ಮೊದಮೊದಲು ‘ಗೋಡೌನ್’ ಎನ್ನುತ್ತಿದ್ದರು. ಅವರು ಏರ್‌ಫೋರ್ಸಿನ ಸ್ಟೋರ್ಸ್ ವಿಭಾಗದಲ್ಲಿದ್ದು ರಿಟೈರ್ ಆದವರು. ಕೊನೆಗೆ ಗೋಡೌನಿಗೆ ಅವಮಾನವಾಗುತ್ತದೆಂದು ಆ ಹೆಸರನ್ನೂ ವಾಪಸ್ ತೆಗೆದುಕೊಂಡರು. “ಗೋಡೌನ್ ಅಂದ್ರೆ ಅಲ್ಲೊಂದು ಡಿಸಿಪ್ಲಿನ್ ಇರುತ್ತೆ ಕಣೆ. ಇದಕ್ಕೆ ಯಾವ ಭಾಷೇಲೂ ಹೆಸರಿಲ್ಲ,” ಎಂದರು. ಅಷ್ಟರಲ್ಲಿ ಯಲಹಂಕದ ಆಕಾಶದಲ್ಲಿ ಅವರ ಡಿಪಾರ್ಟ್‌ಮೆಂಟಿನ ವಿಮಾನವೊಂದು ಹಾದುಹೋಯಿತು. ನನ್ನ ಗುಂಡಿಗಳ ಡಬ್ಬಿಗಳೆಲ್ಲ ಗಡಗಡ ನಡುಗಿ ಅವರ ಮಾತಿಗೆ ತಲೆಯಾಡಿಸಿದವು.

ಆದರೆ ಹೊಲಿಗೆಯ ವಿಷಯದಲ್ಲಿ ನನಗೆ ಪಾಠ ಹೇಳುವವರು ಈ ಮನೆಯಲ್ಲಿ ಇಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಕಾಲದ ಕಾನ್ವೆಂಟಿನಲ್ಲಿ ಲೆಕ್ಕದಲ್ಲಿ ಫೇಲಾದರೆ ಕ್ಷಮೆ ಇತ್ತು, ನೀಡಲ್‌ವರ್ಕಿನಲ್ಲಿ ಫೇಲಾದರೆ ಇರಲಿಲ್ಲ. ಸಿಸ್ಟರ್ ಬೆನೆಡಿಕ್ಟಾ ನಮ್ಮ ಕಸೂತಿಯ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ತಟ್ಟನೆ ತಿರುಗಿಸಿ, ಹಿಂದಿನ ಗಂಟುಗಳನ್ನು ಕನ್ನಡಕದ ಮೇಲಿಂದ ಪರೀಕ್ಷಿಸಿ, “ದಿ ಬ್ಯಾಕ್, ವಿಮಲಾ! ದಿ ಬ್ಯಾಕ್ ಟೆಲ್ಸ್ ಮಿ ಎವ್ರಿಥಿಂಗ್!” ಎನ್ನುತ್ತಿದ್ದರು. ಆ ಮಹಾತಾಯಿಯ ಕೈಯಿಂದಲೇ ನಾನು ಫಸ್ಟ್ ಪ್ರೈಜ್ ತೆಗೆದುಕೊಂಡವಳು. ಬಹುಮಾನ, ಕೊಕ್ಕರೆಯ ಆಕಾರದ ಒಂದು ಪುಟ್ಟ ಕತ್ತರಿ. ಅದರ ಕೊಕ್ಕೇ ಅಲಗು. ಇವತ್ತಿಗೂ ಅದು ನನ್ನ ಬಳಿ ಇದೆ. ಸಿಸ್ಟರ್ ಇಲ್ಲ, ಆ ಕಾನ್ವೆಂಟಿನ ಸಂಪಿಗೆ ಮರ ಇಲ್ಲ, ಬೆಂಚಿನಲ್ಲಿ ಪಕ್ಕ ಕೂತು ನನ್ನ ನೂಲು ಕದಿಯುತ್ತಿದ್ದ ಫಿಲೋಮಿನಾ ಎಲ್ಲಿದ್ದಾಳೋ ಗೊತ್ತಿಲ್ಲ. ಕತ್ತರಿ ಮಾತ್ರ ಈಗಲೂ ಕಚಕ್ಕೆನ್ನುತ್ತದೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಸಿಂಧುವಿಗೆ ಹೆಣ್ಣುಮಗು ಹುಟ್ಟಿತು.

ಸಿಂಧು ನನ್ನ ಅತ್ತಿಗೆಯ ಮೊಮ್ಮಗಳು. ಅತ್ತಿಗೆ ಎಂದರೆ ನಮ್ಮ ಯಜಮಾನರ ಅಕ್ಕ, ಕೆಂಪಾಪುರದ ಜಯಕ್ಕ. ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟುವ ಯೋಗ ಬರಲಿಲ್ಲ. ಆದರೆ ಸಿಂಧು ಬೇಸಿಗೆ ರಜೆಗಳನ್ನೆಲ್ಲ ನಮ್ಮಲ್ಲೇ ಕಳೆದಳು. ನನ್ನ ಗುಂಡಿ ಡಬ್ಬಿಗಳನ್ನು ನೆಲಕ್ಕೆ ಸುರಿದು, ಬಣ್ಣ ಬಣ್ಣಕ್ಕೆ ಬೇರೆ ಮಾಡಿ, ಮತ್ತೆ ಕಲಸಿಬಿಡುತ್ತಿದ್ದಳು. ಅವಳು ಹುಟ್ಟಿದ ವಾರವೇ ಅವಳ ತೊಟ್ಟಿಲಿಗೆಂದು ನಾನೊಂದು ಕ್ವಿಲ್ಟ್ ಶುರು ಮಾಡಿದ್ದೆ. ನಮ್ಮ ಅತ್ತೆಯವರ ಬಾಯಲ್ಲಿ ಅದು ಕೌದಿ. ಹೆಸರೇನೇ ಇರಲಿ, ಕೆಲಸ ಸ್ವಲ್ಪ ತಡವಾಯಿತು. ಅವಳು ನಡೆಯಲು ಕಲಿತಳು. ಸ್ಕೂಲಿಗೆ ಹೋದಳು. ಇಂಜಿನಿಯರಿಂಗ್ ಮುಗಿಸಿದಳು. ಮದುವೆಯಾದಳು. ಕ್ವಿಲ್ಟ್ ‘ಆಲ್ಮೋಸ್ಟ್ ರೆಡಿ’ ಇತ್ತು!

ಮಗು ನೋಡಲು ಆಸ್ಪತ್ರೆಗೆ ಹೋದಾಗ ಸಿಂಧು ಮಲಗಿದಲ್ಲಿಂದಲೇ ಕೈಚಾಚಿದಳು.

“ವಿಮಲಜ್ಜೀ, ನನ್ ಕ್ವಿಲ್ಟ್ ಎಲ್ಲಿ?”

ನನ್ನ ನಾಲಿಗೆಯ ಮೇಲೆ ಯಾರು ಕೂತಿದ್ದರೋ! “ರೆಡಿ ಇದೆ ಡಾರ್ಲಿಂಗ್, ಇಸ್ತ್ರಿ ಮಾಡೋದೊಂದೇ ಬಾಕಿ. ನಾಮಕರಣದ ದಿನ ತೊಟ್ಟಿಲಲ್ಲಿ ಮಗೂನ ಅದರ ಮೇಲೇ ಮಲಗಿಸೋದು. ಪ್ರಾಮಿಸ್!” ಎಂದುಬಿಟ್ಟೆ.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಜಯಕ್ಕ ಹಾರ್ಲಿಕ್ಸ್ ಕಲಕುವುದನ್ನು ನಿಲ್ಲಿಸಿದರು.

“ಯಾವ್ ಮಗೂನ ವಿಮಲಾ? ಈ ಮಗೂನಾ, ಇದರ ಮಗೂನಾ?”

ರೂಮೆಲ್ಲ ನಕ್ಕಿತು. ಬಿ.ಪಿ. ನೋಡಲು ಬಂದಿದ್ದ ನರ್ಸ್ ಕೂಡ ನಕ್ಕಳು, ಪರಿಚಯವೇ ಇಲ್ಲದವಳು! ಸಿಂಧು ಮಾತ್ರ ನಗಲಿಲ್ಲ. ನನ್ನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದು, “ನಂಗ್ ಬೇಕು ಅಜ್ಜಿ. ನಿಜವಾಗ್ಲೂ,” ಎಂದಳು.

ಅಲ್ಲಿಗೆ ಮುಗಿಯಿತು. ಆ ಕ್ವಿಲ್ಟ್ ನಾಮಕರಣದ ದಿನ ತೊಟ್ಟಿಲಲ್ಲಿ ಇರಲೇಬೇಕಾಯಿತು. ಮೊದಲು ಅದು ಎಲ್ಲಿದೆ ಎಂದು ಹುಡುಕಬೇಕಾಗಿತ್ತು, ಅಷ್ಟೆ.

ಮರುದಿನ ಬೆಳಗ್ಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ ರೂಮಿನ ಶುದ್ಧೀಕರಣಕ್ಕೆ ನಿಂತೆ. ಯಜಮಾನರು ಕುತ್ತಿಗೆಗೆ ಟವೆಲ್ ಸುತ್ತಿ, ಹಳೆಯ ಸರ್ವಿಸ್ ಉತ್ಸಾಹದಿಂದ ಬಾಗಿಲಲ್ಲಿ ಪೊಸಿಶನ್ ತೆಗೆದುಕೊಂಡರು.

“ಪ್ರತಿ ಐಟಂ ಎತ್ತಿ ತೋರಿಸು. ಉಪಯೋಗ ಏನು ಅಂತ ಹೇಳು. ಉತ್ತರ ಬರಲಿಲ್ವೋ, ಡಿಸ್ಪೋಸಲ್!”

ಮೊದಲು ಸಿಕ್ಕಿದ್ದು ಒಂದೇ ತೋಳಿನ ಸ್ವೆಟರ್. “ಇದು ನಿಮ್ಮದೇ ರೀ,” ಎಂದೆ. ಅವರು ಎದೆಗೆ ಹಿಡಿದು ನೋಡಿಕೊಂಡರು. ಒಂದು ಕಾಲದಲ್ಲಿ ಅಷ್ಟು ಸಣ್ಣಗಿದ್ದದ್ದು ನೆನಪಾಗಿ ಅದನ್ನು ಮಡಿಚಿ ಪಕ್ಕಕ್ಕಿಟ್ಟರು. ಆಮೇಲೆ ಸೋಫಾದ ಕುಷನ್ ಕವರುಗಳು ಬಂದವು. ಸೋಫಾ ಮಾರಿ ಎಷ್ಟೋ ಕಾಲವಾಗಿದೆ. ಕುತ್ತಿಗೆಯವರೆಗೆ ಬಂದು ನಿಂತ ಕಸೂತಿಯ ನವಿಲೊಂದು ಸಿಕ್ಕಿತು. ತಲೆಯಿಲ್ಲದ್ದರಿಂದ ಅದು ಕೋಳಿಯಂತೆ ಕಾಣುತ್ತಿತ್ತು. ಅದರಡಿಯಲ್ಲಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ಸಿಕ್ಕೇಬಿಟ್ಟಿತು ನನ್ನ ಕ್ವಿಲ್ಟಿನ ಮೇಲ್ಪದರ!

ಅದನ್ನು ಹಾಸಿ ನೋಡಿದೆ. ಹೆಮ್ಮೆಯಿಂದ ಕಣ್ಣು ತುಂಬಿತು. ಸುಳ್ಳೇಕೆ ಹೇಳಲಿ, ಅದು ಚೆನ್ನಾಗಿತ್ತು. ಜೇನುಗೂಡಿನಂತೆ ಜೋಡಿಸಿದ ಆರು ಮೂಲೆಯ ಪುಟ್ಟ ಪುಟ್ಟ ತುಂಡುಗಳು. ಎಲ್ಲ ರವಿಕೆ ಕಣದವು. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ತಾಂಬೂಲದ ಜೊತೆ ಕೊಡುತ್ತಾರಲ್ಲ, ಆ ರವಿಕೆ ಕಣ. ನಮ್ಮ ಹೆಂಗಸರಲ್ಲಿ ಅದನ್ನು ಯಾರೂ ಹೊಲಿಸುವುದಿಲ್ಲ. ಇವರಿಂದ ಅವರಿಗೆ, ಅವರಿಂದ ಇನ್ನೊಬ್ಬರಿಗೆ, ಬಸ್ಸಿನಲ್ಲಿ ಸೀಟು ಸಿಗದ ಪ್ರಯಾಣಿಕರಂತೆ ನಿಂತೇ ಊರೆಲ್ಲ ಸುತ್ತುತ್ತದೆ. ನನ್ನ ಮನೆಗೆ ಬಂದ ರವಿಕೆ ಕಣಕ್ಕೆ ಮಾತ್ರ ಮೋಕ್ಷ! ಜರಿಯದು, ಬುಟ್ಟಾದ್ದು, ಮಿಂಚಿನದು, ಎಲ್ಲವನ್ನೂ ಹಳೆಯ ಲಗ್ನಪತ್ರಿಕೆಗಳಿಂದ ಕತ್ತರಿಸಿದ ಆರು ಮೂಲೆಯ ಅಚ್ಚಿನ ಮೇಲೆ ಮಡಿಚಿ, ಕಣ್ಣಿಗೆ ಕಾಣದ ಹೊಲಿಗೆಯಲ್ಲಿ ಜೋಡಿಸಿದ್ದೆ. ಸಿಸ್ಟರ್ ಬದುಕಿದ್ದರೆ ತಿರುಗಿಸಿ ನೋಡಿ, ಮಾತಾಡದೆ ಕೆನ್ನೆ ತಟ್ಟುತ್ತಿದ್ದರು.

ಒಳಗೊಂದು ಹತ್ತಿ ಪದರ, ಕೆಳಗೊಂದು ಬಟ್ಟೆ ಹಾಕಿ ಹೊಲಿದರೆ ಮುಗಿಯಿತು. ಎಷ್ಟು ಹೊತ್ತಿನ ಕೆಲಸ!

ಕೊನೆಗೆ ಕಪಾಟಿನ ತಳದಿಂದ ಒಂದು ದೊಡ್ಡ ಗಂಟು ಉರುಳಿತು. ಬಿಚ್ಚಿದರೆ ನನ್ನ ಹಳೆಯ ನೂಲಿನ ಸೀರೆಗಳು. ಒಗೆದು ಒಗೆದು ಬೆಣ್ಣೆಯಂತಾಗಿದ್ದವು. ಯಜಮಾನರು ಟವೆಲ್ ಝಾಡಿಸಿದರು.

“ಉಪಯೋಗ?”

ಯೋಚಿಸಿದೆ. ಯಾವುದೋ ಮುಖ್ಯವಾದ ಉದ್ದೇಶಕ್ಕೆಂದೇ ಎತ್ತಿಟ್ಟಿದ್ದೆ. ಏನದು? ಎಷ್ಟು ತಲೆ ಕೆರೆದರೂ ಹೊಳೆಯಲಿಲ್ಲ.

“ಉತ್ತರ ಇಲ್ಲ. ಡಿಸ್ಪೋಸಲ್!”

ಆ ಕ್ಷಣಕ್ಕೇ, ದೇವರೇ ಕಳಿಸಿದಂತೆ, ಬೀದಿಯಲ್ಲಿ ಕೂಗು ಕೇಳಿಸಿತು. “ಹಳೇ ಬಟ್ಟೆಗೆ ಪಾತ್ರೇಏಏ!”

ಮುಂದಿನ ಅರ್ಧ ಗಂಟೆ ನನ್ನ ಜೀವನದ ಶ್ರೇಷ್ಠ ವ್ಯವಹಾರಗಳಲ್ಲಿ ಒಂದು ಎಂದು ಆಗ ಭಾವಿಸಿದ್ದೆ. ಪಾತ್ರೆಯವಳು ಗೇಟಿನ ಬಳಿ ಬುಟ್ಟಿ ಇಳಿಸಿ, ಸೀರೆಯೊಂದನ್ನು ಬೆರಳಲ್ಲಿ ಉಜ್ಜಿ, “ಇದ್ಕೆ ಒಂದ್ ತಟ್ಟೆ ಬರ್ತದಮ್ಮ,” ಎಂದಳು.

“ತಟ್ಟೆನಾ? ನೋ ನೋ. ನಂಗೆ ಆ ಬೇಸನ್ ಬೇಕು,” ಎಂದು ಬುಟ್ಟಿಯ ತಳದಲ್ಲಿದ್ದ ಭಾರೀ ಸ್ಟೀಲ್ ಬೇಸನ್ ತೋರಿಸಿದೆ.

“ಅಯ್ಯೋ, ಅದಕ್ಕೆ ಪ್ಯಾಂಟು ಷರ್ಟೆಲ್ಲ ಹಾಕ್ಬೇಕಮ್ಮ!”

“ಹಾಗಾದ್ರೆ ಬೇಡ ಬಿಡು.” ಬೆನ್ನು ತಿರುಗಿಸಿದೆ. ಇದು ಹಳೆಯ ಪಟ್ಟು.

“ತಗೊಳಮ್ಮ ತಗೋ! ಎಲ್ಲಾ ನೂಲಿಂದು, ಮೆತ್ತಗವೆ ಅಂತ ಕೊಡ್ತಿದೀನಿ. ಬೇರೆಯವ್ರಿಗೆ ಕೊಡಲ್ಲ.”

ಅವಳು ಇಷ್ಟು ಬೇಗ ಸೋತದ್ದು ಯಾಕೆಂದು ನಾನು ಯೋಚಿಸಬೇಕಿತ್ತು. ಆದರೆ ಗೆದ್ದವರು ಯೋಚಿಸುವುದಿಲ್ಲ. ಬೇಸನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಎದುರು ಮನೆಯವರಿಗೆ ಕಾಣುವಂತೆ ನಿಧಾನವಾಗಿ ಒಳಗೆ ಬಂದೆ.

ಊಟ ಮುಗಿಸಿ ಕೈ ಒರೆಸುವಷ್ಟರಲ್ಲಿ ಜಯಕ್ಕನ ಫೋನು.

“ವಿಮಲಾ, ಒಂದ್ ಮಾತು ಕೇಳ್ಬೇಕಿತ್ತು. ಮಗು ಮೈಗೆ ತಾಕೋ ಕಡೆ ಹಳೇ ಸೀರೆ ತಾನೆ ಹಾಕಿರೋದು? ನೀನೇ ಉಟ್ಟು ಒಗೆದಿದ್ದು ಇರ್ಬೇಕು. ಮನೆ ಹಿರಿಯರು ಉಟ್ಟಿದ್ದರಲ್ಲೇ ಹಸುಗೂಸನ್ನ ಮಲಗಿಸೋದು ನಮ್ಮಲ್ಲಿ. ಹೊಸ ಬಟ್ಟೆ ಆದ್ರೆ ತೊಟ್ಟಿಲೊಳಗೆ ಹಾಕಕ್ಕೆ ಬಿಡಲ್ಲ ನಾನು, ಈಗ್ಲೇ ಹೇಳಿದೀನಿ.”

ಆಗ ನೆನಪಾಯಿತು. ಆ ಸೀರೆಗಳನ್ನು ಯಾವ ಮುಖ್ಯ ಉದ್ದೇಶಕ್ಕೆ ಎತ್ತಿಟ್ಟಿದ್ದೆ ಎಂದು!

“ಆಫ್ ಕೋರ್ಸ್ ಅಕ್ಕ!” ಎಂದೆ. “ಅಷ್ಟೂ ಗೊತ್ತಿಲ್ವಾ ನಂಗೆ?”

ಫೋನ್ ಇಟ್ಟವಳೇ, “ರೀ, ಸ್ಕೂಟರ್ ತೆಗೀರಿ!” ಎಂದು ಕಿರುಚಿದೆ.

ಬೇಸನ್ ವಾಪಸ್ ಕೊಟ್ಟು ಸೀರೆ ಬಿಡಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಯಜಮಾನರ ಹಿಂದೆ, ಹೊಟ್ಟೆಗೆ ಬೇಸನ್ ಒತ್ತಿಕೊಂಡು, ನ್ಯೂ ಟೌನಿನ ಅಡ್ಡರಸ್ತೆಗಳನ್ನೆಲ್ಲ ಸುತ್ತಿದೆ. ಪ್ರತಿ ರೋಡ್ ಹಂಪ್‌ಗೂ ಅದು ಘಂಟೆಯಂತೆ ಮೊಳಗುತ್ತಿತ್ತು. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ತಲೆ ಹೊರಗೆ ಹಾಕಿ, “ಎಲ್ ತಗೊಂಡ್ರಿ ಆಂಟಿ? ಚೆನ್ನಾಗದೆ,” ಎಂದ. ಅಂಥ ಸಂಕಟದಲ್ಲೂ ನನಗೆ ಖುಷಿಯಾಯಿತು. “ಎಕ್ಸ್‌ಚೇಂಜ್!” ಎಂದೆ.

ಹಳೇ ಯಲಹಂಕದ ಸಂತೆಯ ಹತ್ತಿರ, ಟೀ ಅಂಗಡಿಯ ಮುಂದೆ ಪಾತ್ರೆಯವಳು ಬನ್ನು ಅದ್ದಿ ತಿನ್ನುತ್ತ ಕೂತಿದ್ದಳು.

“ನಮ್ಮ ಸೀರೆ ಗಂಟು ವಾಪಸ್ ಕೊಡಮ್ಮ, ಪ್ಲೀಸ್. ಇಗೋ ನಿನ್ನ ಬೇಸನ್.”

“ಟೆಂಪೋ ಹೋಯ್ತಲ್ಲಮ್ಮ! ಬಟ್ಟೆ ಎಲ್ಲ ಆಗ್ಲೇ ತುಂಬ್ಕೊಂಡು ಹೋದ್ರು.” ನನ್ನ ಮುಖ ನೋಡಿ ಅವಳಿಗೆ ಅಯ್ಯೋ ಎನಿಸಿರಬೇಕು. “ಬೇಜಾರ್ ಮಾಡ್ಕೋಬೇಡಮ್ಮ. ಈ ಬೇಸನ್‌ಗೆ ಒಪ್ಪೋ ಮುಚ್ಚಳ ಐತೆ, ನೋಡ್ತೀಯಾ?”

ನೋಡಿದೆ. ಅದು ಒಪ್ಪುತ್ತಿತ್ತು. ಬೇಸನ್ನಿಗೆ ಮುಚ್ಚಳ ಸಿಗುವುದು ಅಪರೂಪ, ಹೆಂಗಸರಿಗೆ ಗೊತ್ತು. ಸ್ಕೂಟರ್ ಮೇಲೆ ಹೊದಿಸಲು ಡಿಕ್ಕಿಯಲ್ಲಿಟ್ಟಿದ್ದ ಹಳೆಯ ಬೆಡ್‌ಶೀಟ್ ನನಗೆ ಥಟ್ಟನೆ ನೆನಪಾಯಿತು. ಯಜಮಾನರು ಹೆಲ್ಮೆಟ್ ಕೈಯಲ್ಲಿ ಹಿಡಿದು ನೋಡುತ್ತ ನಿಂತಿದ್ದರು. ಸೀರೆ ಬಿಡಿಸಿಕೊಂಡು ಬರಲು ಹೋದವಳು ಮುಚ್ಚಳ ತೆಗೆದುಕೊಂಡು ಬಂದೆ!

ಗೇಟಿನ ಬಳಿ ನಾನು ಇಳಿದಾಗ ಅವರು, “ಸ್ಕೂಟರ್ ಬಿಟ್ಟು ಬಂದಿಲ್ಲ ತಾನೆ?” ಎಂದರು. ಅದರ ಮೇಲೇ ಕೂತು!

ಈಗ ಮನೆಯಲ್ಲಿದ್ದ ಹಳೆಯ ಮೆತ್ತನೆ ಸೀರೆ ಒಂದೇ. ನಾನು ಉಟ್ಟಿದ್ದು. ತಿಳಿಹಳದಿ ವಾಯಿಲ್, ಅಂಚಿನಲ್ಲಿ ಸಣ್ಣ ನೀಲಿ ಹೂ. ಗಂಟಿನೊಳಗೆ ಸೇರದೆ ಅದು ಬಚಾವಾದದ್ದು ನನ್ನ ಮೈಮೇಲಿದ್ದ ಒಂದೇ ಕಾರಣಕ್ಕೆ. ಯಜಮಾನರು ಅದನ್ನೇ ನೋಡಿದರು. ನಾನು ಸೆರಗು ಹೊದ್ದುಕೊಂಡೆ.

“ನೋ ರೀ. ಇದು ಹಳೇದಲ್ಲ. ಇದು ವಿಂಟೇಜ್.”

ಸಂಜೆ ಅಂಗಡಿಗೆ ಹೋಗಿ ಗುಲಾಬಿ ಬಣ್ಣದ ಸ್ಯಾಟಿನ್ ತಂದೆ. ಸ್ಯಾಟಿನ್ ಕೂಡ ಮೆತ್ತಗೇ ಇರುತ್ತದಲ್ಲ! ಹೊಸದೆಂದು ಗೊತ್ತಾಗಬಾರದು, ಅಷ್ಟೆ. ಅದಕ್ಕೆ ವಯಸ್ಸು ಬರಿಸುವ ಕಾರ್ಯಕ್ರಮ ಹಾಕಿಕೊಂಡೆ. ಹೊಸ ಬೇಸನ್ನಿನಲ್ಲಿ ನೆನೆಹಾಕಿ, ಹೊಸ ಮುಚ್ಚಳ ಮುಚ್ಚಿ, ಒಗೆದು, ಒಣಗಿಸಿ, ಮತ್ತೆ ಒಗೆದು, ಕಲ್ಲಿನ ಮೇಲೆ ಕುಕ್ಕಿ, ಬಿಸಿಲಿಗೆ ಹಾಕಿದೆ. ನಾನು ಬಳಲಿದೆ. ಸ್ಯಾಟಿನ್ ಮೊದಲಿಗಿಂತ ಹೆಚ್ಚು ಹೊಳೆಯಿತು!

ಇರಲಿ ಎಂದು ಮೂರೂ ಪದರ ಜೋಡಿಸಿ, ಕಾಲಲ್ಲಿ ತುಳಿಯುವ ನನ್ನ ಹಳೆಯ ಮಷೀನಿಗೆ ಹಾಕಿದೆ. ಮೊದಲ ಜರಿಯ ತುಂಡಿಗೆ ಸೂಜಿ ಟಪ್ಪೆಂದಿತು. ಹೊಸ ಸೂಜಿ ಹಾಕಿದೆ. ಬುಟ್ಟಾದ ಮೇಲೆ ಅದೂ ಟಪ್! ಮನೆಯಲ್ಲಿ ಮಷೀನಿನ ಸೂಜಿ ಮುಗಿಯುವವರೆಗೂ ನಾನು ಸೋಲೊಪ್ಪಲಿಲ್ಲ ಎಂಬುದನ್ನು ಹೆಮ್ಮೆಯಿಂದಲೇ ದಾಖಲಿಸುತ್ತೇನೆ.

ನಾಮಕರಣಕ್ಕೆ ಇನ್ನೊಂದೇ ದಿನ. ಕೈಹೊಲಿಗೆಯೇ ಗತಿ. ಒಳ್ಳೆಯದೇ ಆಯಿತೆಂದುಕೊಂಡೆ. ಮಷೀನು ಯಾರು ಬೇಕಾದರೂ ತುಳಿಯುತ್ತಾರೆ, ಕೈಹೊಲಿಗೆಗೆ ಕಾನ್ವೆಂಟೇ ಬೇಕು! ಮಧ್ಯಾಹ್ನ ಅದೇ ಹಳದಿ ವಾಯಿಲ್ ಉಟ್ಟು, ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತು, ಕ್ವಿಲ್ಟನ್ನು ತೊಡೆಯ ಮೇಲೆ ಹರವಿ, ಸಾಲು ಸಾಲಾಗಿ ಹೊಲಿಗೆ ಹಾಕತೊಡಗಿದೆ. ಬಿಸಿಲು ಹದವಾಗಿತ್ತು. ಕೈ ತಾನಾಗಿ ಓಡುತ್ತಿತ್ತು. ಫಿಲೋಮಿನಾ ಪಕ್ಕದಲ್ಲೇ ಕೂತಂತೆ, ದೂರದಲ್ಲಿ ಪ್ರೇಯರ್ ಬೆಲ್ ಹೊಡೆದಂತೆ ಅನ್ನಿಸುತ್ತಿತ್ತು. ಆ ವಯಸ್ಸಿನಲ್ಲಿ ಏನೇನೆಲ್ಲ ಮಾಡಿ ಮುಗಿಸುತ್ತೇನೆಂದು ಅಂದುಕೊಂಡಿದ್ದೆನೋ! ಇಷ್ಟನ್ನಾದರೂ ಮುಗಿಸುತ್ತಿದ್ದೇನಲ್ಲ ಎಂದು ಎದೆಯುಬ್ಬಿತು. ಸೂಜಿ ಒಂದಿಷ್ಟು ಬಿಗಿಯಾಗಿ ಹೋಗುತ್ತಿತ್ತು. ಅದು ನನ್ನ ಹೊಲಿಗೆಯ ಗುಣಮಟ್ಟವೆಂದು ತಿಳಿದೆ.

ಕೊನೆಯ ಗಂಟು ಹಾಕಿ, ಕೊಕ್ಕರೆ ಕತ್ತರಿಯಿಂದ ದಾರ ಕತ್ತರಿಸಿದೆ. ಮುಗಿಯಿತು! ನಿಜವಾಗಿಯೂ ಮುಗಿಯಿತು! ಜನ್ಮದಲ್ಲಿ ಮೊದಲ ಬಾರಿಗೆ!

ಅಷ್ಟರಲ್ಲಿ ಕಾಲಿಂಗ್ ಬೆಲ್. ಯಜಮಾನರು ಕೆಳಗೆ ಹಿತ್ತಲಲ್ಲಿ ಗಿಡಗಳಿಗೆ ನೀರು ಬಿಡುತ್ತ, “ವಿಮಲಾ, ಯಾರು ಬಂದಿದಾರೆ ನೋಡು, ಬೇಗ!” ಎಂದು ಕೂಗಿದರು. ಎದ್ದೆ.

ನನ್ನ ಜೊತೆ ಕ್ವಿಲ್ಟೂ ಎದ್ದಿತು.

ತೆಗೆದಿಡಲು ನೋಡಿದೆ. ಬರಲಿಲ್ಲ. ಎಳೆದೆ. ನೆರಿಗೆಯೂ ಬಂತು. ಇನ್ನೂ ಎಳೆದೆ. ಸೆರಗೂ ಬಂತು. ಇಡೀ ಮಧ್ಯಾಹ್ನ ನಾನು ಕ್ವಿಲ್ಟನ್ನು ಸ್ಯಾಟಿನ್ನಿಗೆ ಮಾತ್ರವಲ್ಲ, ಬಹಳ ಅಚ್ಚುಕಟ್ಟಾಗಿ, ನನಗೇ ಹೊಲಿದುಕೊಂಡಿದ್ದೆ!

ಬೆಲ್ ಮತ್ತೆ ಹೊಡೆಯಿತು. ಪೋಸ್ಟಿನವನೋ ಕೊರಿಯರಿನವನೋ ಆಗಿರಲಿ ದೇವರೇ ಎಂದು ಹರಸಿಕೊಂಡು, ಜರಿಯ ಜೇನುಗೂಡನ್ನು ಮುಂದೆ ಇಳಿಬಿಟ್ಟುಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದು, ಬಾಗಿಲನ್ನು ಒಂದು ಗೇಣಿನಷ್ಟು ತೆರೆದೆ.

ಜಯಕ್ಕ!

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಕೆಳಗಿನಿಂದ ಮೇಲೆ ನೋಡಿದರು.

“ಏನೇ ವಿಮಲಾ, ಉಟ್ಕೊಂಡೇ ಬರ್ತೀಯಾ?”

ಬಾಯಿ ತೆರೆದೆ. ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲೂ ಈ ಪ್ರಸಂಗಕ್ಕೆ ವಾಕ್ಯವಿರಲಿಲ್ಲ. ಕೊಳಾಯಿ ಪೈಪು ಹಿಡಿದು ಓಡಿಬಂದ ಯಜಮಾನರು ನಮ್ಮಿಬ್ಬರನ್ನೂ ನೋಡಿ, ಬಂದಷ್ಟೇ ವೇಗದಲ್ಲಿ ಹಿಂದಕ್ಕೆ ಹೋದರು. ನೀರು ಮಾತ್ರ ವರಾಂಡದಲ್ಲಿ ಉಳಿಯಿತು.

ಜಯಕ್ಕ ಒಳಗೆ ಬಂದು, ಕನ್ನಡಕ ಹಾಕಿಕೊಂಡು, ಕ್ವಿಲ್ಟಿನ ತುದಿಯನ್ನು ಹಿಡಿದು ತಿರುಗಿಸಿದರು. ಸಾಕ್ಷಾತ್ ಸಿಸ್ಟರ್ ಬೆನೆಡಿಕ್ಟಾ!

“ಇದೇನಿದು ಮಿಂಚ್ತಿರೋದು? ಸ್ಯಾಟಿನ್ನಾ? ಇದರ ಮೇಲೆ ಮಲಗಿಸಿದ್ರೆ ಕೂಸು ಮೀನಿನ ಥರ ಜಾರ್ಕೊಂಡ್ ಹೋಗುತ್ತಲ್ಲೇ! ಹಳೇ ಸೀರೆ ಹಾಕಿದೀನಿ ಅಂದೆ?”

ನನಗೆ ಅಳು ಬಂದುಬಿಟ್ಟಿತು. ಈ ವಯಸ್ಸಿನಲ್ಲಿ ಬಾಗಿಲಲ್ಲಿ ನಿಂತು ಅಳುವುದು ಸರಿಯಲ್ಲ ಎಂದುಕೊಳ್ಳುತ್ತಲೇ ಅತ್ತೆ. ಗಂಟು, ಬೇಸನ್, ಟೆಂಪೋ, ಮುಚ್ಚಳ, ಸೂಜಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. “ನಾಳೆ ಸಿಂಧು ಕೇಳ್ತಾಳೆ ಅಕ್ಕ. ಅವಳಿಗೆ ಏನಂತ ಹೇಳ್ಲಿ?”

ಜಯಕ್ಕನ ಬೆರಳು ಸ್ಯಾಟಿನ್ ದಾಟಿ ನನ್ನ ಸೀರೆಯ ಮೇಲೆ ನಿಂತಿತ್ತು. ಉಜ್ಜಿ ನೋಡಿದರು. ಪಾತ್ರೆಯವಳಂತೆಯೇ.

“ಇದು ಸಿಂಧು ನಾಮಕರಣಕ್ಕೆ ಉಟ್ಟಿದ್ದ ಸೀರೆ ಅಲ್ವೇನೆ? ನಿನ್ನ ಮಡಿಲಲ್ಲೇ ಒದ್ದೆ ಮಾಡಿದ್ಲಲ್ಲ ಪುಣ್ಯಾತ್ಗಿತ್ತಿ!”

“ಹೂಂ.”

“ಆಮೇಲೆ ನಿನ್ನ ಮಡಿಲಿಂದ ಯಾರ್ ಕೈಗೂ ಹೋಗ್ಲಿಲ್ಲ. ಎತ್ಕೊಂಡ್ರೆ ಕಿರ್ ಅಂತಿದ್ಲು.” ಅವರು ಸೀರೆಯ ಅಂಚನ್ನು ಮಡಿಚಿ ಹಿಡಿದರು. “ಕತ್ತರಿ ಎಲ್ಲಿ?”

“ಅಕ್ಕ, ಇದು ವಿಂಟೇಜು...”

“ಏನೋ ಒಂದ್ ಜ್ಯೂಸು. ಕತ್ತರಿ ತಾ!”

ಮಷೀನಿನ ದೊಡ್ಡ ಕತ್ತರಿ, ಯಜಮಾನರ ಹೊಸ ವ್ಯವಸ್ಥೆಯಲ್ಲಿ, ಎಲ್ಲಿಗೆ ಸೇರಿತ್ತೋ ಸಿಗಲಿಲ್ಲ. ಕೊಕ್ಕರೆ ಕತ್ತರಿಯೇ ಬಂತು. ಅದರ ಪುಟ್ಟ ಕೊಕ್ಕಿನಿಂದ ಜಯಕ್ಕ ನನ್ನ ಸುತ್ತ ಪ್ರದಕ್ಷಿಣೆ ಹಾಕುತ್ತ, ಕಚ ಕಚ ಎಂದು ಹಕ್ಕಿ ಕಾಳು ಹೆಕ್ಕುವಂತೆ ಸೀರೆ ಕತ್ತರಿಸಿದರು. ನನ್ನ ಫಸ್ಟ್ ಪ್ರೈಜು ನನ್ನನ್ನೇ ಕತ್ತರಿಸಿ ಬಿಡುಗಡೆ ಮಾಡಿತು.

ಆಮೇಲೆ ನಾನು ನೈಟಿ ಹಾಕಿಕೊಂಡು ಬಂದೆ. ಇಬ್ಬರೂ ಒಂದೊಂದು ಸೂಜಿ ಹಿಡಿದು ಕೂತು, ಉಳಿದ ಸೀರೆಯನ್ನು ಸ್ಯಾಟಿನ್ ಕಾಣದ ಹಾಗೆ ಪೂರ್ತಿ ಮುಚ್ಚಿ ಹೊಲಿದೆವು. ತೊಡೆಯ ಮೇಲೆ ಸೀರೆ ಸೇರಿಸಿ ಹೊಲಿದ ಕಡೆ ನೆರಿಗೆಗಳು ಹಾಗೇ ಸುಕ್ಕಾಗಿ ಉಳಿದವು. ಜಯಕ್ಕನ ಹೊಲಿಗೆ ಯಲಹಂಕ ಜಂಕ್ಷನ್ನಿನ ಹಳಿಗಳಂತಿತ್ತು, ಒಂದು ಇಲ್ಲಿ, ಇನ್ನೊಂದು ಅಲ್ಲಿ. ಬಾಯಿಗೆ ಬಂದ ಕಾಮೆಂಟನ್ನು ನುಂಗಿಕೊಂಡೆ. ಅವರಿಗೆ ಮಾತ್ರ ಅಂಥ ಸಂಕೋಚವಿರಲಿಲ್ಲ. “ಇಷ್ಟಕ್ಕೆ ಅಷ್ಟು ವರ್ಷ ಬೇಕಿತ್ತೇನೆ?” ಎಂದರು. ಕಾಫಿ ಕೇಳಿದರು. ಬೇಸನ್ ತರಿಸಿ, ಬೆರಳಿನಿಂದ ಬಡಿದು ನೋಡಿ, “ಪಾತ್ರೆ ಮಾತ್ರ ಗಟ್ಟಿ ಇದೆ,” ಎಂದು ಒಪ್ಪಿಗೆ ಕೊಟ್ಟರು. ಮುಚ್ಚಳದ ಸಮೇತ ಅದು ಅವರ ಜೊತೆ ಕೆಂಪಾಪುರಕ್ಕೆ ಹೋಯಿತು. ಮಗುವಿನ ಬಟ್ಟೆ ನೆನೆಸಲು ಸರಿಯಾಗುತ್ತದಂತೆ!

ಮಾರನೆಯ ದಿನ ಕೆಂಪಾಪುರದ ಮನೆಯಲ್ಲಿ ಕ್ವಿಲ್ಟ್ ಬಿಚ್ಚಿದಾಗ ಹೆಂಗಸರೆಲ್ಲ ‘ಆಹಾ’ ಎಂದರು. ಸಿಂಧು ಅದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ನೋಡುವವರ ಮುಂದೆ ಅಳಬಾರದೆಂದು ಮಗುವಿನ ಟೋಪಿ ಸರಿಮಾಡುವ ನೆಪದಲ್ಲಿ ಬಗ್ಗಿದಳು. ಕ್ವಿಲ್ಟಿನ ಹಿಂಬದಿಯ ಸೀರೆಯ ಮೇಲೆ ಯಾರದೋ ಕಣ್ಣು ಬಿತ್ತು.

“ಇದು ಯಾರ್ ಸೀರೆ?”

ಜಯಕ್ಕ ಸಭೆಯ ಮಧ್ಯಕ್ಕೆ ಬಂದರು.

“ಇನ್ಯಾರದ್ದು? ನಮ್ ವಿಮಲಂದು! ಮಗೂಗೆ ಹಳೇ ಸೀರೆ ಬೇಕು ಅಂದೆ ನೋಡಿ, ಮೈಮೇಲೆ ಉಟ್ಟಿದ್ದನ್ನೇ ಕತ್ತರಿಸಿ ಕೊಟ್ಬಿಟ್ಲು ಕಣ್ರೀ! ನಾನೇ ಕಣ್ಣಾರೆ ನೋಡ್ದೆ.”

ಒಂದಕ್ಷರ ಸುಳ್ಳಿಲ್ಲ! ನಾನು ಶಾಲು ಹಾರ ಸ್ವೀಕರಿಸುವವರಂತೆ ಕಣ್ಣು ಕೆಳಗೆ ಹಾಕಿ, ವಿನಯದಿಂದ ನಿಂತೆ. ತಾಂಬೂಲ ಕೊಡುವಾಗ ಗಿಣಿಹಸಿರಿನ ಸೊಗಸಾದ ರವಿಕೆ ಕಣವೊಂದನ್ನು ಆರಿಸಿ ನನ್ನ ಕೈಗೇ ಇಟ್ಟರು. ಮನಸ್ಸಿನಲ್ಲೇ ಅದನ್ನು ಆರು ಮೂಲೆಗೆ ಕತ್ತರಿಸಿಯೂ ಆಯಿತು.

ಕ್ವಿಲ್ಟನ್ನು ತೊಟ್ಟಿಲಿಗೆ ನಾನೇ ಹಾಸಿದೆ. ಜೇನುಗೂಡು ಮೇಲೆ ಬರುವಂತೆ, ಫೋಟೋಗೆ ಬೀಳುವಂತೆ. ಇದೊಂದು ಸಲ ಎಂದು ಜಯಕ್ಕನ ಕಡೆ ನೋಡಿದೆ. ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಮಗುವನ್ನು ಮಲಗಿಸಿದರು. ಫೋಟೋದವನು ಒನ್, ಟೂ ಎಂದ. ಬೆನ್ನಿಗೆ ಜರಿ ಚುಚ್ಚಿದ್ದೇ ತಡ, ಮಗು ಮುಖ ಕೆಂಪು ಮಾಡಿ, ಇಡೀ ಕೆಂಪಾಪುರ ಕೇಳುವಂತೆ ಅರಚಿತು!

ಎತ್ತಿಕೊಂಡರು, ಕುಣಿಸಿದರು, ಗಿಲಕಿ ಆಡಿಸಿದರು. ನಿಲ್ಲಲಿಲ್ಲ. ಜಯಕ್ಕ ನನ್ನ ಅಪ್ಪಣೆ ಕೇಳದೆ ಕ್ವಿಲ್ಟನ್ನು ಹಿಡಿದು ಬೋರಲು ಹಾಕಿದರು. ತಿಳಿಹಳದಿ ವಾಯಿಲ್ ಮೇಲೆ ಬಂತು. ಮಗುವನ್ನು ಅದರ ಮೇಲೆ ಇಟ್ಟರು. ಅದು ಸುಕ್ಕಾಗಿದ್ದ ನೆರಿಗೆಯೊಂದನ್ನು ಮುಷ್ಟಿಯಲ್ಲಿ ಹಿಡಿದು, ಎರಡು ಸಲ ಬಿಕ್ಕಿ, ನಿದ್ದೆ ಹೋಯಿತು.

ದಿ ಬ್ಯಾಕ್ ಟೆಲ್ಸ್ ಮಿ ಎವ್ರಿಥಿಂಗ್, ಎಂದಿದ್ದರಲ್ಲ.

ಅಂದಿನಿಂದ ಮಗು ಬೇರೆ ಯಾವುದರ ಮೇಲೂ ಮಲಗುವುದಿಲ್ಲವಂತೆ. ಯಾವಾಗಲೂ ಬೋರಲು ಹಾಕಿದ ಕ್ವಿಲ್ಟಿನ ಮೇಲೆಯೇ. ಸಿಂಧು ಹುಟ್ಟಿದಂದಿನಿಂದ ನಾನು ಜೋಡಿಸಿದ ಜರಿ, ಬುಟ್ಟಾ, ಕಣ್ಣಿಗೆ ಕಾಣದ ಹೊಲಿಗೆ, ಎಲ್ಲವೂ ತೊಟ್ಟಿಲ ತಳದ ಹಗ್ಗದ ಹೆಣಿಗೆಗೆ ಮುಖಮಾಡಿ ಮಲಗಿವೆ. ನನ್ನ ಕಲೆಯನ್ನು ನೋಡಬಯಸುವವರು ಕೆಂಪಾಪುರಕ್ಕೆ ಹೋಗಿ ತೊಟ್ಟಿಲ ಕೆಳಗೆ ಅಂಗಾತ ಮಲಗಬೇಕು.

ಅಂದು ಒಬ್ಬರು ಮಲಗಿದರು ಕೂಡ. ಊಟದ ಗದ್ದಲದಲ್ಲಿ ನಮ್ಮ ಯಜಮಾನರು ಕಾಣಿಸಲಿಲ್ಲ ಎಂದು ಹುಡುಕಿದರೆ, ರೇಷ್ಮೆ ಪಂಚೆ ಮಡಿಚಿ ಕಟ್ಟಿ, ಕನ್ನಡಕ ಏರಿಸಿಕೊಂಡು ತೊಟ್ಟಿಲ ಕೆಳಗಿದ್ದರು. ಬಹಳ ಹೊತ್ತು ನೋಡಿದರು. ಜಗತ್ತಿನಲ್ಲಿ ಒಬ್ಬರಾದರೂ ನನ್ನ ಶ್ರಮವನ್ನು ಗಮನಿಸುತ್ತಿದ್ದಾರಲ್ಲ ಎಂದು ಹತ್ತಿರ ಹೋಗಿ ನಿಂತೆ.

“ವಿಮಲಾ,” ಎಂದರು ಕೆಳಗಿನಿಂದ. “ಇಲ್ಲೊಂದು ಪೀಸ್ ಉಲ್ಟಾ ಹೊಲ್ದಿದೀಯ.”

ನಾನೂ ಬಗ್ಗಿ ನೋಡಿದೆ. ಹೌದು! ನಟ್ಟನಡುವೆ, ನೇರಳೆ ಬಣ್ಣದ್ದೊಂದು, ಒಳಮೈ ಹೊರಗೆ!

“ಅದಕ್ಕೇನು ರೀ,” ಎಂದೆ, ಸೊಂಟ ಹಿಡಿದು ಮೇಲೇಳುತ್ತ. “ಬಿಚ್ಚಿ ಸರಿಮಾಡಿ ಕೊಡ್ತೀನಿ. ಮದುವೆ ಹೊತ್ತಿಗೆ ಪಕ್ಕಾ ರೆಡಿ.”

ಪಾಯಸ ಬಡಿಸುತ್ತಿದ್ದ ಜಯಕ್ಕನ ಸೌಟು ಅಲ್ಲೇ ನಿಂತಿತು.

“ಯಾರ್ ಮದುವೆ ವಿಮಲಾ? ಇವಳದಾ, ಇವಳ ಮಗಳದಾ?”

ಪಂಕ್ತಿಯೆಲ್ಲ ನಕ್ಕಿತು. ಈ ಸಲ ಸಿಂಧುವೂ.